ಭಾವನ ಬಾಯಲ್ಲಿ ಮೂರು ಮಾತ್ರೆ

ಇಲ್ಲ, ಅಲ್ಲಾಡಲಿಲ್ಲ, ನೀರು ಬಾಯಿಗೆ ಹೋದದ್ದನ್ನು ನೋಡಿದೆ, ಕೆನ್ನೆ ಎರಡೂ ಬನ್ನಿನ ಹಾಗೆ ಉಬ್ಬಿದ್ದನ್ನೂ ನೋಡಿದೆ, ಆದರೆ ಗಂಟಲ ನಡುವೆ ಎದ್ದು ನಿಂತಿರುವ ಆ ಮಣಿ ಮಾತ್ರ ಇದ್ದಲ್ಲೇ ಇದೆ, ಎದುರಿನ ಕನ್ನಡಿಯಲ್ಲೂ ಇದ್ದಲ್ಲೇ ಇದೆ, ಹಿಂದಿನ ಕನ್ನಡಿಯೊಳಗಿನ ಕನ್ನಡಿಯಲ್ಲೂ ಇದ್ದಲ್ಲೇ ಇದೆ, ಒಬ್ಬ ಭಾವ ಹಟ ಹಿಡಿದರೇ ಬೀದಿಗೆ ಸಾಕು, ಇಲ್ಲಿ ಸಾಲಾಗಿ ಏಳೆಂಟು ಭಾವಂದಿರು ನಿಂತು ಒಟ್ಟಿಗೆ ನುಂಗುತ್ತಿಲ್ಲ — ಕಟಿಂಗ್ ಶಾಪಿನಲ್ಲಿ ಮಾತ್ರೆ ಕೊಡಬಾರದಿತ್ತು, ಮನೆಯೊಳಗೆ ಕರೆದು ಕೊಡಬೇಕಿತ್ತು, ಮನೆ ಅಂದರೆ ಏನು ಮಹಾ, ಅಂಗಡಿಯ ಹಿಂದಿನ ಆ ಹೂವಿನ ಪರದೆ ಸರಿಸಿದರೆ ಮನೆ, ಪರದೆಯ ಹಿಂದೆ ಅಕ್ಕ, ಅಂಗಡಿಯಲ್ಲಿ ಗಿರಾಕಿ ಇದ್ದಾಗ ಅಕ್ಕ ಈಚೆ ಬರುವುದಿಲ್ಲ, ಅಂದರೆ ಬರುವುದೇ ಇಲ್ಲ, ಯಾಕೆಂದರೆ ಭಾವನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತೇ ಇಲ್ಲ, ಕೂದಲು ಬೆಳೆಯದವರೂ ಮಾತಿಗೆ ಅಂತ ಬಂದು ಕೂರುತ್ತಾರೆ. ಅಗಿಯುವ ಮಾತ್ರೆಯನ್ನು ಪೆಪ್ಪರಮೆಂಟಿನ ಹಾಗೆ ಕಟಕಟ ಅಗಿದು ಇನ್ನೊಂದಿದ್ಯಾ ಡಾಕ್ಟರಮ್ಮ ಅಂತ ಬೇರೆ ಕೇಳಿದರು, ಆಮೇಲೆ ನುಂಗುವ ಈ ಮೂರು ಬಿಳಿ ಮಾತ್ರೆ ಅಂಗೈಗೆ ಬಿದ್ದಾಗ ಆ ಮುಖ ನೋಡಬೇಕಿತ್ತು, ಬಾಯಿಗೆ ಹಾಕಿಕೊಂಡು, ಲೋಟ ಎತ್ತಿ, ಬಾಯಿ ತುಂಬ ನೀರು ತುಂಬಿಕೊಂಡು, ಆಯಿತಲ್ಲ ಅನ್ನುವ ಹಾಗೆ ಎರಡು ಕೈಯೂ ಮೇಲೆತ್ತಿ ತೋರಿಸಿ, ಮೆಲ್ಲಗೆ ಸಿಂಕಿನ ಕಡೆ ಹೊರಟರು, ನಾನು ಬಿಡುತ್ತೇನೆಯೇ, ಇಷ್ಟು ದಿನ ಬೀದಿ ಬೀದಿ ಅಲೆದು, ಜನ ಮಾತ್ರೆ ನುಂಗದೇ ಇರುವ ವಿದ್ಯೆಯನ್ನು ಅರೆದು ಕುಡಿದವಳು, ಸರಕ್ಕನೆ ಹೋಗಿ ಸಿಂಕಿಗೆ ಬೆನ್ನು ಕೊಟ್ಟು ನಿಂತೆ, ಈಗ ನಾನು ಇಲ್ಲಿ, ಅವರು ಅಲ್ಲಿ, ನಡುವೆ ಕುರ್ಚಿಯಲ್ಲಿ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು, ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆಯ ತುಂಬ ನೊರೆ. ಏನಮ್ಮಾ, ನನ್ನ ಗಾಡೀನ ನಡುರಸ್ತೇಲಿ ನಿಲ್ಲಿಸಿಬಿಟ್ರಲ್ಲ ಅನ್ನುತ್ತಾರೆ ಮೇಷ್ಟ್ರು, ನೊರೆ ಅಂಚಿನಲ್ಲಿ ಒಣಗುತ್ತಾ ಬಂದಿದೆ, ಬೆಂಚಿನ ಮೇಲೆ ಸ್ಕೂಲ್ ಬ್ಯಾಗು ತಬ್ಬಿಕೊಂಡು ಕೂತ ಪುಟ್ಟಿ, ಅಕ್ಕನ ಮಗಳು, ಅಪ್ಪನ ಕತ್ತನ್ನೇ ದಿಟ್ಟಿಸುತ್ತಾ, ಚಿಕ್ಕಮ್ಮಾ, ಮಣಿ ಅಲ್ಲಾಡ್ಲಿಲ್ಲ, ನಾನೂ ನೋಡ್ದೆ — ಸಾಕ್ಷಿಗೆ ಇವಳೊಬ್ಬಳು ಬಾಕಿ ಇದ್ದಳು, ಅಲ್ಲ, ಇವಳೇ ಬೇಕು, ಇದೆಲ್ಲ ಇವಳಿಗೋಸ್ಕರವೇ, ಬೆಳಿಗ್ಗೆ ಕೈಕಟ್ಟಿ ನಿಂತು ಹೇಳಿದಳಲ್ಲ, ಅಪ್ಪ ನುಂಗಿದ್ರೆ ನಾನೂ ನುಂಗ್ತೀನಿ, ಅಪ್ಪ ನುಂಗ್ದೆ ಇದ್ರೆ ನಾನ್ಯಾಕೆ ನುಂಗ್ಲಿ, ಹತ್ತು ವರ್ಷದ ಕೂಸಿನ ಬಾಯಲ್ಲಿ ವಕೀಲರ ಮಾತು, ಇವತ್ತೇ ಕೊನೆ, ನಾಳೆ ನಮ್ಮ ಆರೋಗ್ಯ ಇಲಾಖೆಯ ತಂಡ ಪೇಟೆಯ ಆಚೆ ಬದಿಗೆ ಹೋಗುತ್ತದೆ, ಇನ್ನು ಈ ಬೀದಿಗೆ ಆನೆಕಾಲಿನ ಮಾತ್ರೆ ಬರುವುದು ಮುಂದಿನ ವರ್ಷ, ಅಷ್ಟರೊಳಗೆ ಎಷ್ಟು ಸೊಳ್ಳೆ, ಎಷ್ಟು ಕಡಿತ.

ಭಾವ ಎಡಗೈ ಬೆರಳು ಮುಂದೆ ಚಾಚುತ್ತಿದ್ದಾರೆ, ಶಾಯಿ ಹಾಕು ಅಂತ, ನುಂಗಿದವರ ಬೆರಳಿಗೆ ಹಾಕುವ ಶಾಯಿ ಸೀಸೆ ನನ್ನ ಕೈಯಲ್ಲಿದೆ, ಬಿಗಿಯಾಗಿ ಹಿಡಿದಿದ್ದೇನೆ, ಬೆರಳು ಅಲ್ಲಾಡಿಸಿದರೆ ಸಾಲದು ಭಾವ, ಬೇರೆಯದು ಅಲ್ಲಾಡಬೇಕು ಅಂತ ಕಣ್ಣಲ್ಲೇ ಹೇಳುತ್ತೇನೆ, ಬಾಯಿಬಿಟ್ಟು ಏನನ್ನೂ ಹೇಳುವ ಹಾಗಿಲ್ಲ, ನಾನು ಒಂದು ಮಾತಾಡಿ ಅವರಿಗೆ ನಗು ಬಂತೋ ನೀರು, ಮಾತ್ರೆ, ಮರ್ಯಾದೆ ಎಲ್ಲ ಒಟ್ಟಿಗೆ ಕನ್ನಡಿಗೆ ಹಾರುತ್ತದೆ. ಎಂಥ ವಿಚಿತ್ರ, ಬೀದಿಯ ಜನ ಭಾವನನ್ನು ರೇಡಿಯೋ ಅಂತಲೇ ಕರೆಯುವುದು, ಬೆಳಿಗ್ಗೆ ಶಟರ್ ಎತ್ತಿದಾಗ ಶುರುವಾದದ್ದು ಶಟರ್ ಎಳೆದಾಗಲೇ ನಿಲ್ಲುವುದು, ಆ ರೇಡಿಯೋ ಈಗ ಮೌನ, ರಸ್ತೆಯಲ್ಲಿ ಹೋಗುವವರು ಏನಾಯಿತೋ ಅಂತ ಬಗ್ಗಿ ನೋಡಿ ಹೋಗುತ್ತಿದ್ದಾರೆ. ಆ ಬಾಯಿಂದಲೇ ಅಲ್ಲವೇ ಬೀದಿ ಕೆಟ್ಟದ್ದು, ಸೊಳ್ಳೆ ಕಚ್ಚಿದ್ರೆ ಆನೆಕಾಲು ಬರತ್ತಂತೆ ಕಣ್ರಪ್ಪ, ಹಾಗಾದ್ರೆ ಆನೆ ಕಚ್ಚಿದ್ರೆ ಸೊಳ್ಳೆಕಾಲು ಬರತ್ತಾ, ಒಂದು ಶೇವಿಂಗ್ ಮುಗಿಯುವುದರೊಳಗೆ ಇದನ್ನು ಹೇಳಿದರು, ಸಂಜೆಯ ಹೊತ್ತಿಗೆ ಇಡೀ ಬೀದಿ ಇದನ್ನೇ ನನ್ನ ಮುಖಕ್ಕೆ ಹೇಳಿ ಬಾಗಿಲು ಹಾಕಿತು, ಮರುದಿನ ಇನ್ನೊಂದು, ಈ ಮಾತ್ರೆ ನುಂಗಿದ್ರೆ ಕೂದಲು ಉದುರತ್ತಂತೆ, ಅಯ್ಯೋ ಪುಣ್ಯಾತ್ಮ, ಬೀದಿಯ ಕೂದಲೆಲ್ಲ ಉದುರಿದರೆ ಮೊದಲು ಅಂಗಡಿ ಮುಚ್ಚುವುದು ಯಾರದ್ದು, ನಿಮ್ಮದೇ ತಾನೆ, ಅಷ್ಟು ಯೋಚನೆ ಬೇಡವೇ. ಮೂರನೇ ಮಹಡಿಯ ಮನೆ ಮಾಲೀಕರು, ನಮ್ಮನೇಗೆ ಸೊಳ್ಳೆ ಹತ್ತಿ ಬರಲ್ಲಮ್ಮ, ಅದಕ್ಕೂ ಮಂಡಿನೋವು ಇರತ್ತೆ ಅಂದರು, ಅವರ ಸೊಸೆ ಮಾತ್ರೆಯನ್ನು ಕುಂಡದ ಮಣ್ಣಲ್ಲಿ ಹೂತಿಟ್ಟಳು, ನಾನು ನೋಡಿದೆ, ಗಿಡಕ್ಕೆ ಇನ್ನು ಆನೆಕಾಲಿನ ಭಯ ಇಲ್ಲ ಬಿಡಿ ಅಂದೆ, ನಾಚಿಕೊಂಡು ಹೊಸದು ತೆಗೆದುಕೊಂಡು ನುಂಗಿದಳು, ಟೈಲರು ನಾಲಿಗೆಯ ಕೆಳಗೆ ಇಟ್ಟುಕೊಂಡೇ ನನ್ನ ಹತ್ತಿರ ಅರ್ಧ ಗಂಟೆ ರಾಜಕೀಯ ಮಾತಾಡಿದರು, ಆ ಕಹಿಯಲ್ಲಿ ರಾಜಕೀಯವನ್ನು ಅಷ್ಟು ಸರಿಯಾಗಿ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಊಟ ಆಗಿಲ್ಲ ಅಂದವರಿಗೆ ಊಟ ಆಗುವ ತನಕ ಕಾದೆ, ಖಾಲಿ ಹೊಟ್ಟೆಗೆ ಕೊಡಬಾರದು, ಊಟ ಆದಮೇಲೆ ನಿದ್ದೆ ಅಂದರು, ನಿದ್ದೆಗೂ ಕಾದೆ, ಎದ್ದವರು ಮತ್ತೆ ಹಸಿವು ಅಂದರು. ಅಗೋ ಬಂತು, ಕೇಳಿಸುತ್ತಿದೆ, ದೂರದಿಂದ ಮೈಕಿನ ಗಾಡಿ, ಮಾನ್ಯ ನಾಗರಿಕರೇ, ಸೊಳ್ಳೆಗಳಿಂದ ಹರಡುವ ಆನೆಕಾಲು ರೋಗವನ್ನು ತಡೆಯಲು, ನನ್ನದೇ ದನಿ, ಮೂಗಿನಲ್ಲಿ ಹೇಳಿದ ಹಾಗಿದೆ, ರೆಕಾರ್ಡು ಮಾಡುವ ದಿನ ನೆಗಡಿ ಅಂದರೂ ಆಫೀಸಿನವರು ಕೇಳಲಿಲ್ಲ, ಪರವಾಗಿಲ್ಲ ಗಂಭೀರವಾಗಿದೆ ಅಂದರು, ಈಗ ನೋಡು, ಬೀದಿಯ ತುಂಬ ನೆಗಡಿಯಾದ ನಾನು ಗಾಡಿಯಲ್ಲಿ ಕೂತು ನುಂಗಿರಿ, ನುಂಗಿರಿ ಅಂತ ಕೂಗುತ್ತಾ ಹೋಗುತ್ತಿದ್ದೇನೆ, ನಿಜವಾದ ನಾನು ಸಿಂಕಿಗೆ ಅಂಟಿ ನಿಂತು ಉಸಿರೂ ಬಿಡುತ್ತಿಲ್ಲ, ಭಾವನ ಹುಬ್ಬು ಮೇಲೆ ಹೋಯಿತು, ಕೆನ್ನೆ ನಡುಗುತ್ತಿದೆ, ನಗು ಬರುತ್ತಿದೆ ಅವರಿಗೆ, ಬೇಡ, ಬೇಡ, ಗಾಡಿಯವನೇ ಬೇಗ ಹೋಗಪ್ಪ, ತಡೆಗಟ್ಟೋಣ, ತಡೆಗಟ್ಟೋಣ — ಹೋಯಿತು, ತಿರುವಿನಲ್ಲಿ ಹೋಯಿತು, ತಡೆದುಕೊಂಡರು. ಮೇಷ್ಟ್ರು ಕನ್ನಡಿಯಲ್ಲಿ ಭಾವನನ್ನು ನೋಡಿಕೊಂಡೇ ನುಂಗುವ ಪಾಠ ಶುರು ಮಾಡಿದ್ದಾರೆ, ಗಾಬರಿ ಬೇಡ, ಕ್ಲಚ್ ಪೂರ್ತಿ ಒತ್ತಿ, ಈಗ ಗೇರ್ ಹಾಕಿ, ನಿಧಾನಕ್ಕೆ ಬಿಡಿ, ಬಿಡಿ, ಅಯ್ಯೋ ಆಫ್ ಮಾಡ್ಕೊಂಬಿಟ್ರಲ್ಲ.

ಕಣ್ಣಲ್ಲಿ ನೀರು ಬಂತು ಭಾವನಿಗೆ, ಕಹಿ ಇಳಿಯುತ್ತಿರಬೇಕು, ಮಾತ್ರೆ ಬಾಯಲ್ಲೇ ಕರಗುತ್ತಿರಬೇಕು, ಅಷ್ಟು ಕಹಿಯನ್ನು ಸುಮ್ಮನೆ ತಡೆದುಕೊಳ್ಳುವುದಕ್ಕಿಂತ ಒಂದೇ ಗುಟುಕಿಗೆ ನುಂಗಿದರೆ ಮುಗಿಯಿತು, ಆದರೂ ನುಂಗುವುದಿಲ್ಲ, ಹೆದರಿಕೆಯೇ, ಅಲ್ಲ, ಹೆದರಿಕೆ ಅಲ್ಲ, ನನಗೆ ಗೊತ್ತು, ಈ ಬೀದಿಯಲ್ಲಿ ಅಕ್ಕನನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತು, ಈ ಬಾಯಿ ಮೌನವಾಗಿದ್ದದ್ದನ್ನು ನಾನು ಇನ್ನೊಂದು ಸಲ ನೋಡಿದ್ದೇನೆ, ಅವತ್ತೊಂದು ದಿನ ಪರದೆ ಸರಿಸಿ ಒಳಗೆ ಹೋದೆ, ಅಕ್ಕ ಮಂಚದ ಮೇಲೆ, ಭಾವ ನೆಲದ ಮೇಲೆ, ತೊಡೆಯ ಮೇಲೆ ಅಕ್ಕನ ಊದಿದ ಎಡಗಾಲು, ಶೇವಿಂಗ್ ಬ್ರಷ್ಷಿನಲ್ಲಿ, ಹೊಸ ಬ್ರಷ್ಷು, ಇದಕ್ಕೇ ಬೇರೆ ಇಟ್ಟದ್ದು, ಬ್ರಷ್ಷಿನಲ್ಲಿ ಸೋಪಿನ ನೊರೆ ಎಬ್ಬಿಸಿ ಚರ್ಮದ ಮಡಿಕೆ ಮಡಿಕೆಗೂ ಮೆತ್ತಗೆ ಹಚ್ಚುತ್ತಿದ್ದಾರೆ, ತೊಳೆದು, ಬೆರಳು ಸಂದಿಯಲ್ಲಿ ನೀರು ಉಳಿಯದ ಹಾಗೆ ಒತ್ತಿ ಒತ್ತಿ ಒರೆಸುತ್ತಿದ್ದಾರೆ, ಯಾವ ಗಿರಾಕಿಯ ಕೆನ್ನೆಗೂ ಅಷ್ಟು ನಾಜೂಕಿನ ಕೈ ಸಿಕ್ಕಿರಲಿಕ್ಕಿಲ್ಲ, ಒಂದು ಮಾತಿಲ್ಲ, ಒಂದು ಜೋಕಿಲ್ಲ. ಅಕ್ಕ ಮೊದಲ ಸಲ ಈ ಮಾತ್ರೆ ನುಂಗಿದಾಗ ಕಾಲು ಆಗಲೇ ಊದಿಯಾಗಿತ್ತು, ಭಾವ ಟೈಲರ ಹತ್ತಿರ ಹೋಗಿ ಒಂದು ದಾರ ತಂದು, ಮೀನಖಂಡಕ್ಕೆ ಸುತ್ತಿ, ಅಳತೆ ಬಂದಲ್ಲಿ ಒಂದು ಗಂಟು ಹಾಕಿಟ್ಟರು, ಪ್ರತಿ ಭಾನುವಾರ ಅದೇ ದಾರ, ಅದೇ ಗಂಟು, ಇವತ್ತು ಒಂಚೂರು ಸಡಿಲ ಆಗಿದೆ ಅಲ್ವೇನೇ ಅಂತ ಅಕ್ಕನನ್ನು ಕೇಳುವುದು, ಹೂಂ ರೀ ಅಂತ ಅಕ್ಕ ಸುಳ್ಳು ಹೇಳುವುದು, ಒಂದು ಭಾನುವಾರ ದಾರ ಕಿತ್ತು ಕಿಟಕಿಯಿಂದ ಎಸೆದರು, ಅವತ್ತಿನಿಂದಲೇ ಆನೆ ಕಚ್ಚುವ ಜೋಕು ಹುಟ್ಟಿದ್ದು. ಊದಿದ ಕಾಲನ್ನು ಇಳಿಸುವ ಮಾತ್ರೆ ಅಲ್ಲ ಭಾವ ಇದು, ರಕ್ತದಲ್ಲಿ ಕಣ್ಣಿಗೆ ಕಾಣದ ಮರಿಹುಳ ಇರುತ್ತವೆ, ಇದ್ದವರಿಗೂ ಇರುವುದು ತಿಳಿಯುವುದಿಲ್ಲ, ಸೊಳ್ಳೆ ಬಂದು ಒಬ್ಬರಿಂದ ಹೀರಿ ಇನ್ನೊಬ್ಬರಿಗೆ ದಾಟಿಸುತ್ತದೆ, ನಿಮ್ಮಿಂದ ಪುಟ್ಟಿಗೂ ದಾಟಿಸಬಹುದು, ಎಲ್ಲರೂ ನುಂಗಿದರೆ ದಾಟಿಸಲು ಸೊಳ್ಳೆಗೆ ಏನೂ ಸಿಗುವುದಿಲ್ಲ ಅಂತ ನಾನು ಎಷ್ಟು ಸಲ ಹೇಳಿದೆ, ಹೇಳುವಾಗಲೆಲ್ಲ ಮೈಕಿನ ಗಾಡಿಯ ದನಿಯೇ ಬರುತ್ತಿತ್ತೋ ಏನೋ, ಅವರು ಕತ್ತರಿಯನ್ನು ಗಾಳಿಯಲ್ಲಿ ಕಚಕಚ ಆಡಿಸಿ, ನಿಮ್ಮಕ್ಕನ ಕಾಲು ಇಳೀತಾ ಅದನ್ನು ಹೇಳು ಮೊದಲು ಅನ್ನುತ್ತಿದ್ದರು, ಇಳಿಯಲಿಲ್ಲ, ಅಷ್ಟೇ. ಅದಕ್ಕೇ ಈಗ ನಾನು ನಕ್ಕರೂ ಕಷ್ಟ, ಬೈದರೂ ಕಷ್ಟ, ಬಲವಂತ ಮಾಡುವಂತಿಲ್ಲ, ಮೂಗು ಹಿಡಿಯುವಂತಿಲ್ಲ, ಅದೊಂದನ್ನು ಟ್ರೈನಿಂಗಿನಲ್ಲಿ ಕೇಳಿದ್ದೆ, ಮೂಗು ಹಿಡಿಯಬಹುದಾ ಮೇಡಂ ಅಂತ, ಎಲ್ಲರೂ ನಕ್ಕರು, ನಾನು ನಿಜವಾಗಿಯೂ ಕೇಳಿದ್ದು. ಮಣಿ ಇದ್ದಲ್ಲೇ ಇದೆ. ಪುಟ್ಟಿ ಬ್ಯಾಗಿನ ಪಟ್ಟಿ ಹೆಗಲಿಗೆ ಏರಿಸುತ್ತಿದ್ದಾಳೆ, ನಾನು ಆಡೋಕೆ ಹೋಗ್ಲಾ ಚಿಕ್ಕಮ್ಮಾ, ಅಪ್ಪ ನುಂಗಲ್ಲ ಬಿಡು ಅನ್ನುತ್ತಾಳೆ, ತಡಿಯೇ, ಒಂದು ನಿಮಿಷ ತಡಿ, ಆ ಲಂಗದ ಕೆಳಗೆ ಎರಡು ಕಡ್ಡಿ ಕಾಲು, ಎರಡೂ ಒಂದೇ ಸಮ, ಕಾಲ್ಚೀಲ ನಿಲ್ಲದೆ ಜಾರಿ ಬೀಳುವಷ್ಟು ಸಣ್ಣ, ಅವಳ ವಯಸ್ಸಿನಲ್ಲಿ ಅಕ್ಕನದ್ದೂ ಹಾಗೇ ಇತ್ತು, ನಮ್ಮಿಬ್ಬರಲ್ಲಿ ಓಡುವುದರಲ್ಲಿ ಯಾವಾಗಲೂ ಅಕ್ಕನೇ ಮುಂದೆ.

ಪರದೆ ಅಲ್ಲಾಡಿತು, ಫ್ಯಾನಿನ ಗಾಳಿಗಿರಬೇಕು ಅಂದುಕೊಂಡೆ, ಫ್ಯಾನು ಅತ್ತ ಕಡೆ ತಿರುಗುವುದೇ ಇಲ್ಲವಲ್ಲ, ಪರದೆಯ ಕೆಳಗೆ ಎರಡು ಪಾದ, ಒಂದಕ್ಕೆ ಚಪ್ಪಲಿ, ಇನ್ನೊಂದಕ್ಕೆ ಚಪ್ಪಲಿಯಿಲ್ಲ, ಅದಕ್ಕೆ ಆಗುವ ಚಪ್ಪಲಿ ಪೇಟೆಯಲ್ಲೇ ಇಲ್ಲ — ಅಕ್ಕ, ಬೇಡ ಅಕ್ಕ, ಗಿರಾಕಿ ಇದ್ದಾರೆ, ಇಲ್ಲ, ಬಾ ಅಕ್ಕ, ಬಾ, ಸೀಸೆಯನ್ನು ಇನ್ನೂ ಬಿಗಿಯಾಗಿ ಹಿಡಿದೆ, ಪರದೆ ಸರಿಯಿತು, ಅಕ್ಕ ಈಚೆ ಬಂದಳು, ಗೋಡೆ ಹಿಡಿದುಕೊಂಡು, ಕನ್ನಡಿಗಳ ತುಂಬ ಅಕ್ಕ ಬಂದಳು, ಮೇಷ್ಟ್ರು ಅರ್ಧ ಮುಖದ ನೊರೆಯಲ್ಲಿಯೇ, ಕತ್ತಿಗೆ ಕಟ್ಟಿದ ಬಟ್ಟೆಯ ಸಮೇತ, ಗಡಬಡಿಸಿ ಎದ್ದರು, ಕೂತ್ಕೊಳಮ್ಮಾ, ಇಲ್ಲಿ ಕೂತ್ಕೊ, ನಂದೇನು ಅವಸರ ಇಲ್ಲ ಅಂದರು, ಇಷ್ಟು ಹೊತ್ತು ಅವಸರ ಅಂತ ಪ್ರಾಣ ತಿಂದವರು. ಅಕ್ಕ ಕೂತಳು, ಗಿರಾಕಿಯ ಕುರ್ಚಿಯಲ್ಲಿ, ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಮುಂದಿನ ಕಾಲಿಡುವ ಪಟ್ಟಿಯ ಮೇಲೆ ಇಟ್ಟಳು, ಸೀರೆಯನ್ನು ಕೆಳಗೆ ಎಳೆದುಕೊಳ್ಳಲಿಲ್ಲ, ಸುಮ್ಮನೆ ಬಿಟ್ಟಳು, ಶಟರ್ ಪೂರ್ತಿ ಮೇಲಿದೆ, ರಸ್ತೆ ಎದುರಿಗೇ ಇದೆ, ಯಾರು ಬೇಕಾದರೂ ನೋಡಬಹುದು. ಭಾವ ಉಬ್ಬಿದ ಕೆನ್ನೆಯಲ್ಲಿ ಅಕ್ಕನನ್ನೇ ನೋಡುತ್ತಿದ್ದಾರೆ. ರೀ, ಅಂದಳು ಅಕ್ಕ, ಕನ್ನಡಿಯಲ್ಲಿದ್ದ ಭಾವನಿಗೆ ಹೇಳಿದಳು, ನನ್ನ ಕಾಲು ಇಳೀಲಿ ಅಂತ ಅಲ್ಲ ರೀ ಇದು, ಅದು ಇಳಿಯಲ್ಲ, ನಂಗೂ ಗೊತ್ತು, ನಿಮಗೂ ಗೊತ್ತು, ದಾರ ಸಡಿಲ ಆಗಿದೆ ಅಂತ ನಾನು ಹೇಳ್ತಿದ್ದಿದ್ದು ಸುಳ್ಳು ಅಂತಾನೂ ನಿಮಗೆ ಗೊತ್ತಿತ್ತು, ಅವಳ ಕಾಲು ಹಾಗೇ ಇರಲಿ ಅಂತ ರೀ, ಅಷ್ಟಕ್ಕೆ, ಅಂತ ಪುಟ್ಟಿಯ ಕಾಲ್ಚೀಲದ ಕಡೆ ಗಲ್ಲ ಎತ್ತಿ ತೋರಿಸಿದಳು, ಆಮೇಲೆ, ಇದಕ್ಕೆಲ್ಲ ನಮ್ಮ ಅಕ್ಕನೇ ಸರಿ, ದನಿ ಬದಲಿಸಿದಳು, ಅಲ್ಲಾ, ಇಷ್ಟು ವರ್ಷದಲ್ಲಿ ಮೊದಲ್ನೇ ಸಲ ನೀವು ಸುಮ್ನೆ ನಿಂತು ನನ್ನ ಮಾತು ಕೇಳ್ತಿದ್ದೀರಿ, ಈ ಮಾತ್ರೆ ದಿನಾ ಕೊಡ್ತಾರಾ ಕೇಳೇ ಅಂತ ನನ್ನ ಕಡೆ ತಿರುಗಿದಳು. ಮೇಷ್ಟ್ರಿಗೆ ನಗು ಬಂದು ಮೂಗಿನಿಂದ ನೊರೆ ಹಾರಿತು, ನನಗೂ ಬಂತು, ಮುಗಿಯಿತು, ಭಾವನೂ ನಗುತ್ತಾರೆ, ಉಗಿಯುತ್ತಾರೆ, ಕನ್ನಡಿಯ ತುಂಬ ಮಾತ್ರೆ — ಇಲ್ಲ, ಉಗಿಯಲಿಲ್ಲ, ಕಣ್ಣು ಮುಚ್ಚಿದರು, ತುಟಿ ಬಿಗಿದರು, ಮಣಿ ಮೇಲಕ್ಕೆ ಹೋಯಿತು, ಅಲ್ಲೇ ನಿಂತಿತು, ಏಳೆಂಟು ಕನ್ನಡಿಗಳಲ್ಲಿ ಏಳೆಂಟು ಮಣಿ ಒಟ್ಟಿಗೆ ಮೇಲೆ ನಿಂತವು, ಹೋಗಲೋ ಬೇಡವೋ ಅಂತ, ಇಳಿಯಿತು. ಗೇರ್ ಬಿತ್ತು ಅಂತ ಮೇಷ್ಟ್ರು ಕೂಗಿದರು, ಥೂ, ಇದನ್ನು ಮಾಡಿದವನು ಒಂದ್ಸಲನಾದ್ರೂ ಬಾಯಿಗೆ ಹಾಕ್ಕೊಂಡು ನೋಡಿದ್ದಾನಾ ಅಂತ ಭಾವ ಬೈದು ಬೆರಳು ಚಾಚಿದರು, ಶಾಯಿ ಹಾಕಿದೆ, ಉಗುರಿನ ಜೊತೆ ಅರ್ಧ ಬೆರಳಿಗೂ ಹಾಕಿದೆ, ನೀವು ಮೇಷ್ಟ್ರೇ, ನಿಮಗೂ ಉಂಟು, ಓಡಬೇಡಿ, ಬಟ್ಟೆ ಕತ್ತಿನಲ್ಲೇ ಇದೆ. ಅಷ್ಟರಲ್ಲಿ ಮೊಣಕೈ ಹತ್ತಿರ ಒಂದು ಪುಟ್ಟ ಅಂಗೈ, ಚಿಕ್ಕಮ್ಮಾ, ನಂದು ಕೊಡು. ಅಗಿಯುವುದನ್ನು ಅಗಿದಳು, ಅವಳ ವಯಸ್ಸಿಗೆ ಕೊಡುವ ಬಿಳಿ ಮಾತ್ರೆ ಎರಡನ್ನೂ ಕೊಟ್ಟೆ, ಲೋಟ ಕೊಟ್ಟೆ, ಬಾಯಿಗೆ ಹಾಕಿಕೊಂಡಳು, ನೀರು ತುಂಬಿಕೊಂಡಳು, ಕೆನ್ನೆ ಉಬ್ಬಿತು, ಅಯ್ಯೋ ಇವಳೂ ಅಪ್ಪನ ಮಗಳೇ, ಭಾವ ಬಗ್ಗಿದರು, ಅಕ್ಕ ಕುರ್ಚಿಯಿಂದ ಬಗ್ಗಿದಳು, ಅರ್ಧ ನೊರೆಯ ಮೇಷ್ಟ್ರು ಬಗ್ಗಿದರು, ನಾನು ಬಗ್ಗಿ ನೋಡುತ್ತೇನೆ, ಆ ಎಳೆ ಕತ್ತಿನಲ್ಲಿ ಮಣಿಯೇ ಇಲ್ಲ, ನುಣುಪಾದ ಚರ್ಮ ಅಷ್ಟೇ, ಎಲ್ಲಿ ನೋಡಲಿ, ಏನು ಅಲ್ಲಾಡಬೇಕು, ಹೇಗೆ ತಿಳಿಯಬೇಕು ನನಗೆ, ಗಲ್ಲದ ಕೆಳಗೆ, ಅಲ್ಲಿ, ಚರ್ಮದಡಿಯಲ್ಲಿ, ಒಂದು ಸಣ್ಣ ಅಲೆ —