ರುಬ್ಬುಗುಂಡಿನ ಜಾಗ

ಮನೆಗೆ ಗ್ರೈಂಡರ್ ಬಂದ ಮೇಲೆ ಹಿತ್ತಿಲಿನ ಒರಳು ತೆಪ್ಪಗಾಯಿತು. ಅದರ ರುಬ್ಬುಗುಂಡಿಗೆ ಮಾತ್ರ ಬೀದಿಯಲ್ಲಿ ಕೆಲಸ ಸಿಕ್ಕಿತು. ಹೊಗೆಸೊಪ್ಪಿನ ಹರಾಜು ಶುರುವಾದರೆ ಪಿರಿಯಾಪಟ್ಟಣದ ಆ ಬೀದಿಯಲ್ಲಿ ಕಾಲಿಡಲು ತೆರಪಿರುವುದಿಲ್ಲ. ಟ್ರ್ಯಾಕ್ಟರು, ಜೀಪು ಎಲ್ಲ ಯಾರದೋ ಬಾಗಿಲಿಗೇ ಬಂದು ನಿಲ್ಲುತ್ತವೆ. ಅದಕ್ಕೇ ಹನ್ನೆರಡಾಗುತ್ತಲೇ ಪವಿತ್ರಾ ಗುಂಡನ್ನು ಅವುಚಿಕೊಂಡು ಬಂದು ಮನೆ ಮುಂದೆ ಇಡುತ್ತಿದ್ದಳು. ಬಾಡಿಗೆ ವ್ಯಾನ್ ಓಡಿಸುತ್ತಿದ್ದ ಗಂಡ ಶಿವಣ್ಣ ಊಟಕ್ಕೆ ಬಂದು, ಅದನ್ನು ಕಾಲಿನಿಂದ ಉರುಳಿಸಿ, ಆ ಜಾಗದಲ್ಲಿ ಗಾಡಿ ನಿಲ್ಲಿಸುತ್ತಿದ್ದ. ವ್ಯಾನ್ ನಿಂತರೆ ಕಿಟಕಿ ಮುಚ್ಚಿ ನಡುಮನೆ ಕತ್ತಲಾಗುತ್ತಿತ್ತು. ಹಾರ್ನ್ ಬೇಕಿರಲಿಲ್ಲ. ಕತ್ತಲಾಯಿತೆಂದರೆ ಅವಳು ತಟ್ಟೆ ಇಡುತ್ತಿದ್ದಳು.

ಶಿವಣ್ಣ ಬಿಳಿಕೆರೆಯ ಹತ್ತಿರ ರಸ್ತೆಯಲ್ಲಿ ತೀರಿಕೊಂಡು ಹತ್ತು ತಿಂಗಳಾಗಿತ್ತು. ವ್ಯಾನ್ ಗುಜರಿಗೆ ಹೋಯಿತು. ಗುಂಡು ಮಾತ್ರ ಈಗ ಬೆಳಿಗ್ಗೆಯೇ ಬೀದಿಗೆ ಬಂದು ಸಂಜೆಯವರೆಗೂ ಕೂರುತ್ತಿತ್ತು. ಬೇರೆ ಯಾರದೋ ಗಾಡಿ ನಿಂತು ಮನೆ ಕತ್ತಲಾದರೆ ತಾನು ಏನು ಮಾಡಿಬಿಡುವೆನೋ ಎಂಬ ಭಯ ಅವಳಿಗೆ. ಅತ್ತೆ ಚಿಕ್ಕಬೀರಮ್ಮ ನೋಡಿಯೂ ನೋಡದವರಂತಿದ್ದರು.

ಆ ವರ್ಷ ಪಟ್ಟಣ ಪಂಚಾಯಿತಿಯವರು ಹೊಸ ಕ್ರಮ ತಂದರು. ಗಾಡಿ ಇರುವ ಮನೆಗೆ ಚೀಟಿ ಕೊಟ್ಟು, ಬಾಗಿಲ ಮುಂದಿನ ಜಾಗ ಬಿಡುವುದು. ಉಳಿದದ್ದು ಅಂಗಡಿಗಳ ಸರಕಿನ ಗಾಡಿಗಳಿಗೆ.

ಚೀಟಿ ಕೊಡುವ ದಿನ ಬೆಳಿಗ್ಗೆ ಅವಳು ಕಿಟಕಿಯ ಬಳಿ ನಿಂತಿದ್ದಳು. ಎದುರಿನ ಗೊಬ್ಬರದಂಗಡಿಗೆ ಬಂದ ಇಬ್ಬರು ಗುಂಡಿನ ಮುಂದೆ ಬೈಕ್ ನಿಲ್ಲಿಸಿದರು.

"ಈ ಗುಂಡ್ಗೆ ಲೈಸೆನ್ಸ್ ಐತೇನ್ಲಾ?"

"ನಿಂಗೇ ಇಲ್ಲ, ಅದನ್ನೇನ್ ಕೇಳಿಯೇ."

ಅಂಗಡಿಯ ಕಂಠಪ್ಪ ಒಳಗಿನಿಂದಲೇ ಗದರಿದ. "ಅದ ಮುಟ್ಟಬ್ಯಾಡ್ರಲಾ. ಗಾಡಿ ಮೂಲೇಲಿ ಬುಟ್ಟು ಮೂಟೆ ಒತ್ಕೊಂಡೋಗಿ."

ಅಷ್ಟರಲ್ಲಿ ಬೆಟ್ಟದಪುರದ ಮುದುಕ ಜವರಯ್ಯ ಬೆನ್ನ ಮೇಲೆ ಯೂರಿಯಾ ಮೂಟೆ ಹೊತ್ತು ಅಂಗಡಿಯಿಂದ ಹೊರಬಿದ್ದ. ಗುಂಡನ್ನು ಸುತ್ತಿ ಬಳಸಿ, ಬೀದಿಯ ಮೂಲೆಯವರೆಗೆ ಎರಡು ಕಡೆ ನಿಂತು ನಿಂತು ನಡೆದ. ತನ್ನ ಗುಂಡಿನ ದೆಸೆಯಿಂದ ಹತ್ತು ತಿಂಗಳಿಂದ ಇವರೆಲ್ಲ ಹೀಗೇ ಹೊರುತ್ತಿದ್ದರೆಂಬುದು ಅವಳಿಗೆ ಆಗ ಕಂಡಿತು.

ಪಂಚಾಯಿತಿಯಲ್ಲಿ ಗುಮಾಸ್ತ ಲಿಂಗರಾಜು ಪೆನ್ನು ಬಿಚ್ಚಿದ. "ಗಾಡಿ ನಂಬರ್ ಯೋಳಿ ಮೇಡಂ."

ನಂಬರು ಅವಳ ನಾಲಿಗೆಯ ಮೇಲೇ ಇತ್ತು. ಸಾಲಿನಲ್ಲಿ ಹಿಂದೆ ನಿಂತಿದ್ದ ಕಂಠಪ್ಪ ಹೇಳಿದ, "ಬರ್ಕಳಪ್ಪ. ಅವ್ರ ಮನೆ ಮುಂದೆ ವ್ಯಾನ್ ನಿಲ್ಲೋದ ನಾನೇ ದಿನಾ ನೋಡಿವ್ನಿ."

"ಗಾಡಿ ಇಲ್ಲ," ಎಂದಳು ಪವಿತ್ರಾ. ಈ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಅಂಗಾರೆ ಆ ಜಾಗ ಅಂಗ್ಡಿ ಕಡೀಕ್ ಓಯ್ತದೆ. ಆಮ್ಯಾಕೆ ನನ್ನ ಬೈಬ್ಯಾಡಿ."

"ಹೋಗಲಿ."

ಕಂಠಪ್ಪ ಸಾಲು ಬಿಟ್ಟು ಅವಳ ಹಿಂದೆಯೇ ಮೆಟ್ಟಿಲಿಳಿದ. "ಯಾಕವ್ವಾ ಅಂಗಂದೆ? ನಾನೇನಾರ ಜಾಗ ಕೇಳಿದ್ನಾ?"

"ಜವರಯ್ಯನವರಿಗೆ ವಯಸ್ಸಾಗಿದೆ, ಕಂಠಪ್ಪಣ್ಣ."

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಗುರುವಾರ ಬೀದಿಗೆ ಹಳದಿ ಗೆರೆ ಎಳೆದರು. ಪವಿತ್ರಾ ಗುಂಡನ್ನು ಹಿತ್ತಿಲಿಗೆ ಒಯ್ದು, ತೊಳೆದು, ಒರಳಿನೊಳಗೆ ಇಳಿಸಿದಳು. ಅದು ತನ್ನ ಗುಳಿಯಲ್ಲಿ ಸರಿಯಾಗಿ ಕೂತಿತು.

ಮಾರನೆಯ ದಿನ ಒಂದು ಗಂಟೆಗೆ ನಡುಮನೆ ಕತ್ತಲಾಯಿತು.

ಅವಳ ಕೈ ಗೂಡಿನಿಂದ ತಟ್ಟೆ ತೆಗೆಯಿತು, ನೀರು ಒರೆಸಿತು, ಮುದ್ದೆ ಇಟ್ಟಿತು, ಸಾರು ಬಿಟ್ಟಿತು. ಬಾಗಿಲಿನ ಕಡೆ ತಿರುಗಿದಾಗ ಹೊರಗೆ ಮೂಟೆಗಳು ದೊಪ್ಪೆಂದು ಗಾಡಿಗೆ ಬೀಳುತ್ತಿದ್ದವು. ಜವರಯ್ಯನ ಕೆಮ್ಮು ಕೇಳಿಸಿತು.

ಚಿಕ್ಕಬೀರಮ್ಮ ಆಗಲೇ ಉಂಡು, ಗೋಡೆಗೊರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ತಟ್ಟೆ ನೋಡಿದರು, ಸೊಸೆಯನ್ನು ನೋಡಿದರು. ಎಲೆಯನ್ನು ಮಡಿಸಿ ಪಕ್ಕಕ್ಕಿಟ್ಟರು.

"ಇಲ್ಲಿ ಕೊಡು ಮಗಾ. ನಂಗ್ಯಾಕೋ ಅಸಿವು ತೀರ್ನಿಲ್ಲ ಕಣ," ಎಂದು ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.