ಹದದ ಕುಲುಮೆಯಲ್ಲಿ ಕುರಿ

ಮಧ್ಯಾಹ್ನ ಎರಡೂಕಾಲಿಗೆ ಶಾಫ್ಟ್ ಎಣ್ಣೆಯಿಂದ ಮೇಲೆದ್ದಿತು. ಅದೇ ಹೊತ್ತಿಗೆ ಬಾಗಿಲಿನಿಂದ ಕುರಿ ಒಳಗೆ ಬಂತು.

ಚರ್ಮ ಸುಲಿದ ಕುರಿ, ದೊಡ್ಡ ತಗಡಿನ ತಟ್ಟೆಯ ಮೇಲೆ ತಲೆಸಮೇತ ಮಲಗಿತ್ತು. ಇಬ್ಬರು ಹೊತ್ತಿದ್ದರು. ಹಿಂದೆ ಕಾರ್ಖಾನೆಯ ಡೈರೆಕ್ಟರ್ ಸಗಿಂದಿಕ್, ಏನೂ ಹೊರದೆ ಬೆವರುತ್ತಿದ್ದ.

"ದೂರ ನಿಂತ್ಕಳ್ರಲೇ ಎಣ್ಣೆಮೂತಿಗಳಾ. ಕುರಿಗೆ ನಿಮ್ ವಾಸ್ನೆ ಹತ್ತುತದೆ."

"ನಮ್ಗೂ ಅದೇ ಭಯ ಸಾಹೇಬ್ರೆ, ಕುರಿ ವಾಸ್ನೆ ನಮ್ಗೆ ಹತ್ತಿದ್ರೆ ಮನೇಲಿ ನಾಯಿ ಬಿಡಾಕಿಲ್ಲ," ಅಂದ ತೊಖ್ತಾರ್. ಕುಲುಮೆಯ ಟ್ರಾಲಿ ಓಡಿಸುವವನು ಅವನು.

ನಾನು ಮೇಲೆ ಕ್ರೇನಿನ ಗೂಡಿನಲ್ಲಿದ್ದೆ. ಕೊಕ್ಕೆಯಲ್ಲಿ ಶಾಫ್ಟ್ ತೂಗುತ್ತಿತ್ತು, ಎಣ್ಣೆ ತೊಟ್ಟಿಕ್ಕುತ್ತಿತ್ತು. ಕರಗಂಡಾ ಕಡೆಯ ಒಂದು ಗಣಿಗೆ ಜನರನ್ನು ಇಳಿಸಿ ಎತ್ತುವ ಲಿಫ್ಟಿನ ಗಾಲಿ ತಿರುಗಿಸುವ ದಪ್ಪ ಅಚ್ಚು ಅದು, ಅವರು ಕೇಳಿದ ಎರಡರಲ್ಲಿ ಮೊದಲನೆಯದು. ಕ್ರೋಮಿಯಂ, ನಿಕ್ಕಲ್ ಬೆರೆತ ಉಕ್ಕನ್ನು ಬಡಿದು ಮಾಡಿದ್ದು. ಕೆಂಪು ಕುಲುಮೆಯಲ್ಲಿ ಕಾಯಿಸಿ ಎಣ್ಣೆಗೆ ಅದ್ದಿದ ಮೇಲೆ ಅಂಥ ಉಕ್ಕು ಗಾಜಿನ ಹಾಗೆ: ಗಡಸು, ಆದರೆ ಸಿಡಿದು ಒಡೆಯುವಂಥದು. ತಡಮಾಡದೆ ಪಕ್ಕದ ಹದದ ಕುಲುಮೆಗೆ ಹಾಕಿ ಮೆಲ್ಲಗೆ ಕಾಯಿಸಬೇಕು. ಗಡಸು ಕೊಂಚ ಇಳಿದು ಪೆಟ್ಟು ತಾಳುವ ಗುಣ ಬರುತ್ತದೆ. ನೆಲದ ಮೇಲೆ ಬಿಟ್ಟರೆ ಯಾರೂ ಮುಟ್ಟದೆಯೇ ಬಿರುಕು ಬಿಡುತ್ತದೆ.

ಹದದ ಕುಲುಮೆಯಲ್ಲಿ ಕುರಿಯೂ ಚೆನ್ನಾಗಿ ಬೇಯುತ್ತದೆ. ಅದನ್ನು ಸಗಿಂದಿಕ್‌ಗೆ ಕಲಿಸಿದವರು ನಾವೇ. ಚಳಿಗಾಲದಲ್ಲಿ ಕುಲುಮೆ ಆರುತ್ತಿರುವಾಗ ಅದರಲ್ಲಿ ಆಲೂಗಡ್ಡೆ ಸುಟ್ಟು ತಿನ್ನುವುದು ನಮ್ಮ ಪದ್ಧತಿ. ಅವನು ಒಮ್ಮೆ ಒಂದು ತಿಂದ. ಮರುವಾರ ಆಲೂಗಡ್ಡೆ ನಿಷೇಧವಾಯಿತು, ಕುರಿ ಬರತೊಡಗಿತು. ಅತಿಥಿಗಳು ಬಂದಾಗಲೆಲ್ಲ ನಾವು ಕುಲುಮೆಯ ಇಟ್ಟಿಗೆ ಗುಡಿಸಿ, ಟ್ರಾಲಿಯನ್ನು ಸೋಪಿನಲ್ಲಿ ತೊಳೆಯಬೇಕು. ಕೊನೆಗೆ ಮೂಳೆ ನಮಗೆ ಬರುತ್ತದೆ, ಎಸೆದು ಬರಲು.

ಮಾರ್ಚಿನ ಹೊಸವರ್ಷದ ಹಬ್ಬ ನೌರೀಜ್‌ನ ಕುರಿಗಾಗಿ ಒಂದು ಶಾಫ್ಟನ್ನು ನೆಲದ ಮೇಲೆ ಬಿಡಿಸಿದ್ದರು. ಸಂಜೆ 'ಠಣ್' ಎಂದು ಸದ್ದಾಯಿತು. ಗೇಣುದ್ದ ಬಿರುಕು. ಆಗ ನಮ್ಮ ತಂಡದ ಮುಖ್ಯಸ್ಥನಾಗಿದ್ದ ಒರಾಜ್‌ನನ್ನು ನಿರ್ಲಕ್ಷ್ಯದ ಹೆಸರಿನಲ್ಲಿ ಹೊರಹಾಕಿದರು. ಈಗ ಅವನು ಗೇಟಿನೆದುರಿನ ಬಸ್ ನಿಲ್ದಾಣದಲ್ಲಿ ಸೂರ್ಯಕಾಂತಿ ಬೀಜ ಮಾರುತ್ತಾನೆ. ಅವನ ಜಾಗಕ್ಕೆ ಬಂದವಳು ದಾಮೆತ್ಕೆನ್ ಅಕ್ಕ.

ಅಕ್ಕ ಟ್ರಾಲಿಯ ಮುಂದೆ ಬಂದು ನಿಂತಳು.

"ಸಾಹೇಬ್ರೆ, ಶಾಫ್ಟ್ ಈಗ್ ತಾನೆ ಎದ್ದೈತೆ. ಹದಕ್ಕೆ ಹೋಗ್ಬೇಕು."

"ಉಕ್ಕು ಎಲ್ಲಿಗ್ ಓಡೋಯ್ತದೆ? ಗಣಿಯೋರು ಆರು ಗಂಟೆಗೆ ಊಟಕ್ ಬತ್ತಾವ್ರೆ. ಮೊದ್ಲು ಕುರಿ."

"ಜೊತೇಲೇ ಹಾಕ್ಲಾ?"

"ಎಣ್ಣೆ ಹೊಗೆ ಕುಡಿಸ್ತೀಯೇನೇ ಕುರಿಗೆ, ಮುಂಡೆ?"

"ಶಾಫ್ಟ್ ಸೀಳಿದ್ರೆ?"

"ಒರಾಜ್ ಪಕ್ಕ ಇನ್ನೊಂದ್ ಬುಟ್ಟಿ ಇಟ್ಕೊ."

"ಕುರಿ ಬೇಯ್ದೆ ಹೋದ್ರೆ?"

"ಆಗ್ಲೂ ಅದೇ ಬುಟ್ಟಿ."

ತೊಖ್ತಾರ್ ನಕ್ಕ. ನಗಬಾರದಿತ್ತು. ಸಗಿಂದಿಕ್ ಅವನ ತಲೆಯ ಟೋಪಿ ಕಿತ್ತು ಎಣ್ಣೆಯ ತೊಟ್ಟಿಗೆ ಎಸೆದ. ಆಮೇಲೆ ಅಕ್ಕನ ಕೈ ನೋಡಿದ. "ಈ ಕೈಲಿ ಮುಟ್ಬ್ಯಾಡ," ಎಂದು ತನ್ನವರಿಂದಲೇ ತಟ್ಟೆಯನ್ನು ಟ್ರಾಲಿಯ ಮೂಲೆಗೆ ಇಡಿಸಿ ಹೊರಟುಹೋದ.

ಎಂಜಿನಿಯರ್ ಇಲ್ಯಾಸ್ ಕಂಬದ ಪಕ್ಕದಲ್ಲೇ ಇದ್ದ. ಎಣ್ಣೆಯಿಂದ ಎದ್ದ ಉಕ್ಕನ್ನು ಕಾಯಿಸದೆ ಬಿಡಕೂಡದು ಎಂದು ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದವನು ಅವನೇ.

"ಇಲ್ಯಾಸಣ್ಣ, ನೀವೇನಂತೀರಿ?" ಅಕ್ಕ ಕೇಳಿದಳು.

"ನಾನ್ ಈಗಿಲ್ಲಿಲ್ಲ," ಅಂದ ಇಲ್ಯಾಸ್. ಫೋನು ಕಿವಿಗಿಟ್ಟುಕೊಂಡು ನಡೆದ. ಫೋನು ತಲೆಕೆಳಗಾಗಿತ್ತು.

ಅಕ್ಕ ಶಾಫ್ಟಿಗೆ ಅಂಗೈ ತಾಗಿಸಿ ತೆಗೆದಳು. ಇನ್ನೂ ಕೈ ಇಡಲಾರದಷ್ಟು ಬಿಸಿ; ತಣ್ಣಗಾದಷ್ಟೂ ಅಪಾಯ.

"ಕುರಿ ತೆಗ್ದು ಆಚೆ ಇಡಾನಾ?" ತೊಖ್ತಾರ್ ಕೇಳಿದ.

"ಬ್ಯಾಡ. ಕದ್ರು ಅಂತಾರೆ."

"ಮತ್ತೆ?"

"ಕುರಿ ಹಾಕು ಅಂದ್ರು, ಹಾಕಾಯ್ತು. ಮಾತ್ ಮೀರೋದ್ ಬ್ಯಾಡ. ಅದು ಅಲ್ಲೇ ಇರ್ಲಿ." ತಲೆಯೆತ್ತಿ ನನ್ನನ್ನು ಕೂಗಿದಳು. "ಕಾಮ್ಶಾತ್, ಇಳ್ಸೇ ಶಾಫ್ಟ್‌ನ. ಕುರಿ ಕಾಲ್ ಮುರೀಬ್ಯಾಡ, ಪಾಪ."

ಇಳಿಸಿದೆ. ಕುರಿಯ ಕಾಲು ಉಳಿಯಿತು. ಟ್ರಾಲಿ ಒಳಗೆ ಹೋಯಿತು, ಬಾಗಿಲು ಬಿತ್ತು. ಕುಲುಮೆ ಇನ್ನೂರೈವತ್ತು ಡಿಗ್ರಿಯಲ್ಲಿತ್ತು. ಅಲ್ಲಿಂದ ಗಂಟೆಗೆ ಐವತ್ತರಂತೆ ಆರುನೂರಕ್ಕೆ ಏರಿಸಬೇಕೆಂದು ಇಲ್ಯಾಸ್‌ನದೇ ಆದೇಶ. ಅಕ್ಕ ಅದನ್ನು ಒಂದು ಡಿಗ್ರಿ ಆಚೀಚೆ ಮಾಡಲಿಲ್ಲ.

ಮೊದಲ ಗಂಟೆ ಬಾಯಲ್ಲಿ ನೀರೂರಿಸುವ ಪರಿಮಳ. ಉಕ್ಕು ಬಡಿಯುವ ವಿಭಾಗದವರು ಒಬ್ಬೊಬ್ಬರೇ ನೆಪ ಮಾಡಿಕೊಂಡು ಬಂದು ಮೂಸಿ ಹೋದರು. ಆಮೇಲೆ ಕೊಬ್ಬು ಕರಟಿದ ವಾಸನೆ. ನಾಲ್ಕೂವರೆಯ ಹೊತ್ತಿಗೆ ಬಾಗಿಲಿನ ಸಂದಿಯಿಂದ ಕಪ್ಪು ಹೊಗೆ.

"ಅಕ್ಕ, ಈಗ ಚೆನ್ನಾಗ್ ಬೆಂದಿರ್ಬೇಕು," ಅಂದ ತೊಖ್ತಾರ್.

"ಇನ್ನೂ ಹದ ಬಂದಿಲ್ಲ. ಸುಮ್ಕಿರು."

ಅವಳು ನಗಲಿಲ್ಲ. ಶಾಫ್ಟ್ ಒಳಗಿತ್ತು, ಬುಟ್ಟಿ ಹೊರಗೆ ಕಾದಿತ್ತು. ಟೀ ಸುರಿದುಕೊಂಡವಳು ಕುಡಿಯದೆ ಕಾವಿನ ಮುಳ್ಳನ್ನೇ ನೋಡುತ್ತಿದ್ದುದು ಮೇಲಿದ್ದ ನನಗೂ ಕಾಣಿಸಿತು.

ಆರಕ್ಕೆ ಅತಿಥಿಗಳು ಬಂದರು. ಮುಂದೆ ಗಣಿಯ ಮುಖ್ಯಸ್ಥ, ಬಿಳಿ ಮೀಸೆಯ ಹಿರಿಯ. ಕುರಿಯ ತಲೆ ಅವರ ಮರ್ಯಾದೆಗೆ. ಸಗಿಂದಿಕ್ ಕೈಯಲ್ಲಿ ಹೂವಿನ ಚಿತ್ರದ ಹರಿವಾಣ.

"ತೆಗಿ ಬಾಗ್ಲು."

"ಶಾಫ್ಟ್ ಒಳಗೈತೆ ಸಾಹೇಬ್ರೆ. ನಾನೂರ ಮೂವತ್ತು ಡಿಗ್ರಿ. ನಾಳೆ ಬೆಳಿಗ್ಗೆ ತೆಗೀತೀವಿ."

"ಶಾಫ್ಟ್?" ಸಗಿಂದಿಕ್‌ನ ಮುಖದಿಂದ ಬಣ್ಣ ಇಳಿಯಿತು. ಅಕ್ಕನನ್ನು ತಳ್ಳಿ ತಾನೇ ಗುಂಡಿ ಒತ್ತಿದ.

ಟ್ರಾಲಿ ಹೊರಬಂತು. ಕಾವಿಗೆ ಅತಿಥಿಗಳು ಹಿಂದೆ ಸರಿದರು. ನೀಲಿ ಮಿಶ್ರಿತ ಬೂದುಬಣ್ಣಕ್ಕೆ ತಿರುಗಿದ ಶಾಫ್ಟ್, ಅದರ ಪಕ್ಕದಲ್ಲಿ ಬೆಕ್ಕಿನಷ್ಟಕ್ಕೆ ಕುಗ್ಗಿದ ಒಂದು ಕಪ್ಪು ವಸ್ತು.

ತೊಖ್ತಾರ್ ಉದ್ದನೆಯ ಇಕ್ಕಳದಿಂದ ಕಪ್ಪು ತಲೆಯನ್ನು ಮೆತ್ತಗೆ ಹಿಡಿದು, ಸಗಿಂದಿಕ್‌ನ ಕೈಯಲ್ಲಿದ್ದ ಹರಿವಾಣದ ಮೇಲೇ ಇಟ್ಟ. ಮೂತಿಯನ್ನು ಹಿರಿಯರ ಕಡೆಗೆ ತಿರುಗಿಸಿದ, ಪದ್ಧತಿ ಹಾಗೆ. ಎದೆಯ ಮೇಲೆ ಕೈಯಿಟ್ಟು, ಹಿರಿಯರನ್ನು ಅಗಾಯ್ ಎಂದು ಕರೆದು ಬಾಗಿದ.

"ತಗಳಿ ಅಗಾಯ್. ಒಳ್ಳೇದಾಗ್ಲಿ."

ಹಿರಿಯರು ಜೇಬಿನ ಚಾಕು ತೆಗೆದು ಅದರ ಹಿಡಿಯಿಂದ ತಲೆಗೆ ಬಡಿದರು. ಟಕ್ ಎಂದಿತು.

"ಇದ್ರ ಗಡಸು ಅಳ್ದಿದ್ದೀರಾ?"

"ಕುರಿ ಹದ ಮೀರ್ತು ಅಗಾಯ್," ಅಂದಳು ಅಕ್ಕ. "ಶಾಫ್ಟ್ ಹದಕ್ಕೆ ಬತ್ತಾ ಐತೆ. ಬಾಗ್ಲು ಹಾಕ್ಬೋದಾ? ಕಾವು ಇಳೀತದೆ."

"ಹಾಕಮ್ಮ."

ಅವಳು ಗುಂಡಿ ಒತ್ತಿದಳು. ಹಿರಿಯರು ಬಾಗಿಲು ಬೀಳುವವರೆಗೂ ತಮ್ಮ ಶಾಫ್ಟನ್ನೇ ನೋಡಿದರು, ಆಮೇಲೆ ಕಾರು ಹತ್ತಿದರು. ಅವಳ ಬಗ್ಗೆ ಒಂದು ಮಾತೂ ಆಡಲಿಲ್ಲ.

ಸಗಿಂದಿಕ್ ಬಾಗಿಲಿನಿಂದ ತಿರುಗಿ ಅಕ್ಕನಿಗೆ ಹೇಳಿದ: "ನಾಳೆಯಿಂದ ನಿನ್ ಮುಸುಡಿ ಇಲ್ಲಿ ಕಾಣ್ಬಾರ್ದು."

ಹರಿವಾಣ ಇನ್ನೂ ಅವನ ಕೈಯಲ್ಲೇ ಇತ್ತು.

ಬೆಳಿಗ್ಗೆ ಎಂಟಕ್ಕೆ ಗೇಟಿನ ಯಂತ್ರ ಅಕ್ಕನ ಕಾರ್ಡಿಗೆ ಕೆಂಪು ದೀಪ ತೋರಿಸಿತು. ನಮ್ಮ ಕಾರ್ಡುಗಳಿಗೆ ಹಸಿರು. ತೊಖ್ತಾರ್ ಹಸಿರು ದೀಪವನ್ನು ಸ್ವಲ್ಪ ಹೊತ್ತು ನೋಡಿ, ಹಿಂದಕ್ಕೆ ಬಂದು ಬಸ್ ನಿಲ್ದಾಣದ ಬೆಂಚಿನಲ್ಲಿ ಅಕ್ಕನ ಪಕ್ಕ ಕೂತ. ನಾನೂ ಕೂತೆ. ರಾತ್ರಿ ಪಾಳಿ ಮುಗಿಸಿ ಹೊರಗೆ ಬಂದವರು, ಶಾಫ್ಟ್ ಬಿರುಕಿಲ್ಲದೆ ಬಂತೆಂದು ಹೇಳಿ, ಮನೆಗೆ ಹೋಗದೆ ನಿಂತರು. ಒರಾಜ್ ಎಲ್ಲರಿಗೂ ಒಂದೊಂದು ಪೊಟ್ಟಣ ಬೀಜ ಹಂಚಿದ.

"ಎರಡ್ನೇ ಶಾಫ್ಟ್ ಎಲ್ಲೈತೆ?" ಕೇಳಿದ.

"ರಾತ್ರಿ ಪಾಳಿಯೋರು ಕೆಂಪು ಕುಲುಮೆಗೆ ಹಾಕವ್ರೆ," ಅಂದಳು ಅಕ್ಕ. "ಎಂಟ್ನೂರರವತ್ತು. ಅದ್ದಾಕೆ ರೆಡಿಯಾಗೈತೆ."

"ಓಡೋಗಾಕಿಲ್ವಲ್ಲ," ಅಂದ ತೊಖ್ತಾರ್. ಬೀಜದ ಸಿಪ್ಪೆ ಉಗಿದ.

ಅಲ್ಲಿದ್ದವರಿಗೆಲ್ಲ ಗೊತ್ತಿತ್ತು: ಅಷ್ಟು ಕಾವಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಉಕ್ಕಿನ ಕಣ ದಪ್ಪವಾಗಿ ಪೆಟ್ಟು ತಾಳುವುದಿಲ್ಲ. ಸಗಿಂದಿಕ್‌ಗೂ ಯಾರೋ ಹೇಳಿರಬೇಕು. ನಮ್ಮ ಮೊದಲ ಪೊಟ್ಟಣ ಮುಗಿಯುವ ಮೊದಲೇ ಇಲ್ಯಾಸ್ ಓಡಿಕೊಂಡು ಬಂದ. ಟೈ ಹೆಗಲ ಮೇಲಿತ್ತು.

"ದಾಮೆತ್ಕೆನ್ ಅಕ್ಕ, ನಿಮ್ ಕಾರ್ಡು ಸರಿಯಾಯ್ತು. ಬೇಗ ಬನ್ನಿ."

ಅಕ್ಕ ಏಳಲಿಲ್ಲ. "ಒರಾಜಣ್ಣಂದು?"

"ಅದು ನನ್ ಕೈಲಿಲ್ಲ."

"ಫೋನ್ ಐತಲ್ಲ. ಈ ಸಲ ನೆಟ್ಟಗೆ ಹಿಡ್ಕಂಡು ಮಾತಾಡಿ."

ಇಲ್ಯಾಸ್ ಗೇಟಿನ ಕಡೆ ನೋಡಿದ, ಚಿಮಣಿಯ ಕಡೆ ನೋಡಿದ, ಫೋನು ತೆಗೆದ. ಅಕ್ಕ ಇನ್ನೊಂದು ಪೊಟ್ಟಣ ಬಿಚ್ಚಿದಳು.

ಒಂಬತ್ತರ ಸುಮಾರಿಗೆ ಶಾಫ್ಟ್ ಎಣ್ಣೆಗೆ ಇಳಿಯಿತು. ಕೊಕ್ಕೆಗೆ ಕೈ ತೋರಿಸಿ ನನ್ನನ್ನು ನಡೆಸಿದವನು ಒರಾಜ್. ಬೀಜದ ಬುಟ್ಟಿಯನ್ನು ಹೊರಗೆ ಇಲ್ಯಾಸ್ ಕಾಯುತ್ತಿದ್ದ.