ಬೇರೆ ಇಲ್ಲ, ಬೇರು ಇದೆ

ಬಸ್ ನಿಲ್ದಾಣದಲ್ಲಿ ಎಲ್ಲರ ಬಾಯಲ್ಲೂ ಅವಳು ಮೈಕಮ್ಮ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿತು ಎಂದು ಮಹಡಿಯ ಗಾಜಿನ ಕೋಣೆಯಿಂದ ಸಾರುವುದು ಅವಳ ಕೆಲಸ. ದನಿ ಬೆಣ್ಣೆಯಂಥದು. ಅದರ ಗುಟ್ಟು ಕೆನ್ನೆಯೊಳಗೆ ಸದಾ ಒತ್ತಿಕೊಂಡಿರುತ್ತಿದ್ದ ಜೇಷ್ಠಮಧುವಿನ ಬೇರು. ಮನೆಯಲ್ಲಿ ಅದನ್ನು ಸಿಹಿಕಡ್ಡಿ ಎನ್ನುತ್ತಿದ್ದರು. ಅಜ್ಜಿ, ಅಮ್ಮ ಗಂಟಲು ಕೆಟ್ಟಾಗ ಒಂದು ಚೂರು ಅಗಿಯುತ್ತಿದ್ದರು. ಮೈಕಮ್ಮ ಬೆಳಗ್ಗೆ ಬಾಯಿಗಿಟ್ಟರೆ ಮಲಗುವವರೆಗೂ ತೆಗೆಯುತ್ತಿರಲಿಲ್ಲ.

ಈಚೆಗೆ ಪಾದ ಊದಿಕೊಂಡು ಚಪ್ಪಲಿಗೆ ಹಿಡಿಸದಾಗಿತ್ತು. ಮೆಟ್ಟಿಲು ಹತ್ತುವಾಗ ಕಾಲು ಸೋಲುತ್ತಿತ್ತು. ಡಾಕ್ಟರು ಮಾತ್ರೆ ಕೊಟ್ಟರೂ ರಕ್ತದೊತ್ತಡ ಇಳಿಯಲೊಲ್ಲದು.

"ಹುಷಾರಾಗೋ ತನಕ ಮೈಕಿನ ಸಹವಾಸ ಬೇಡ. ರೆಕಾರ್ಡು ಹಾಕ್ತೀವಿ," ಎಂದ ನಿಲ್ದಾಣದ ಮೇಲ್ವಿಚಾರಕ.

ರೆಕಾರ್ಡಂತೆ! ಬೈದುಕೊಳ್ಳುತ್ತಲೇ ಇದ್ದವಳ ರಟ್ಟೆ ಹಿಡಿದು ತಂಗಿ ಮತ್ತೆ ಡಾಕ್ಟರ ಮುಂದೆ ಕೂರಿಸಿದಳು.

"ನಾನು ಕೊಟ್ಟಿದ್ದು ಬಿಟ್ಟು ಬೇರೆ ಔಷಧಿ ಏನಾದ್ರೂ ತಗೋತೀರಾ, ಅಮ್ಮ?" ರಕ್ತಪರೀಕ್ಷೆಯ ಹಾಳೆ ನೋಡುತ್ತಾ ಕೇಳಿದರು ಡಾಕ್ಟರು. ಮಗಳ ವಯಸ್ಸಿನವರು.

"ಬೇರೆ ಔಷಧೀನಾ? ಹತ್ತಿರ ಸುಳಿಯೋಕೂ ಬಿಡಲ್ಲ!"

"ಬೇರೆ ಇಲ್ಲ ಡಾಕ್ಟ್ರೇ, ಬೇರು ಇದೆ," ಎಂದಳು ತಂಗಿ. "ಬಾಯಿ ತೆಗೆಸಿ ನೋಡಿ."

"ಅಯ್ಯೋ, ಸಿಹಿಕಡ್ಡಿ ಯಾವತ್ತು ಔಷಧಿ ಆಯ್ತೇ?"

ಡಾಕ್ಟರು ನಗಲಿಲ್ಲ. ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಗಂಟಲಿಗೆ ಹಿತ ಕೊಡೋದು ನಿಜ. ಆದ್ರೆ ಹೀಗೆ ದಿನಾ ಅಗಿದ್ರೆ ಮೈಯಲ್ಲಿ ಉಪ್ಪು, ನೀರು ನಿಂತುಬಿಡುತ್ತೆ, ಪೊಟ್ಯಾಷಿಯಂ ಸೋರಿಹೋಗುತ್ತೆ. ಅದಕ್ಕೇ ಕಾಲಲ್ಲಿ ಬಲ ಇಲ್ಲ. ಮುಂದೆ ಎದೆಬಡಿತಾನೇ ತಪ್ಪಬಹುದು. ನಿಮಗೆ ಇನ್ನು ಒಂದು ಚೂರೂ ಬೇಡ."

"ನಮ್ಮಜ್ಜಿಗೆ ಏನೂ ಆಗ್ಲಿಲ್ಲ!"

"ಅಜ್ಜಿ ಅಗೀತಿದ್ಲು ಕಣೇ ಅಕ್ಕಾ. ನೀನು ಎಮ್ಮೆ ಹಾಗೆ ಮೆಲುಕು ಹಾಕ್ತೀಯ."

ಮೈಕಮ್ಮ ತಂಗಿಯನ್ನು ದುರುಗುಟ್ಟಿ ನೋಡಿದಳು. ಬೇರಿಲ್ಲದೆ ಆ ದನಿ ಇಲ್ಲ. ದನಿ ಇಲ್ಲದೆ ಗಾಜಿನ ಕೋಣೆಯಲ್ಲಿ ಅವಳಿಗೇನು ಕೆಲಸ? ಕಡ್ಡಿಯನ್ನು ಕರವಸ್ತ್ರಕ್ಕೆ ಉಗಿದಳು.

"ಇದನ್ನ ಬಿಡ್ತೀನಿ. ಮೈಕು ಬಿಡಲ್ಲ. ಇಬ್ರೂ ಕಿವಿ ತೆರೆದು ಕೇಳಿಸ್ಕೊಳ್ಳಿ."

ಕೆಲವು ವಾರಗಳಲ್ಲಿ ಪಾದದ ಊತ ಇಳಿಯಿತು, ಒತ್ತಡವೂ ಹತೋಟಿಗೆ ಬಂತು. ಡಾಕ್ಟರು ಒಪ್ಪಿದ ಮೇಲೆ ಅವಳು ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿದಳು. ಮೈಕಿನ ಮುಂದೆ ಬಾಯಿ ತೆರೆದರೆ ತುಕ್ಕು ಹಿಡಿದ ಬಾಗಿಲು ತೆರೆದಂತೆ ದನಿ.

"ಅಮ್ಮಾ, ಇದು ಕೇಳೋಕಾಗಲ್ಲ," ಎಂದು ಮೇಲ್ವಿಚಾರಕ ರೆಕಾರ್ಡಿನ ಗುಂಡಿಯತ್ತ ಕೈ ಚಾಚಿದ.

ಅವಳು ಆ ಕೈಯ ಮೇಲೆ ಪಟ್ಟೆಂದು ಹೊಡೆದಳು. "ಜನ ಬರೋದು ಬಸ್ಸು ಹತ್ತೋಕೆ, ಸಂಗೀತ ಕಛೇರಿ ಕೇಳೋಕಲ್ಲ. ಆ ರೆಕಾರ್ಡಿನ ಡಬ್ಬಕ್ಕೇನು, ಬಸ್ಸು ಕೆಟ್ಟು ನಿಂತ್ರೂ ಹೊರಟಿದೆ ಅನ್ನುತ್ತೆ. ನಾನು ಕಣ್ಣಾರೆ ನೋಡಿ ಹೇಳೋಳು."

ಕೆಳಗಿನಿಂದ ಒಬ್ಬ ಡ್ರೈವರ್ ತಲೆಯೆತ್ತಿ ಕೂಗಿದ: "ಮೈಕಮ್ಮ ಎಲ್ಲಿ? ಯಾವ ಕಪ್ಪೆ ಕೂರಿಸಿದ್ದೀರಿ?"

"ಕಪ್ಪೆ ಅಲ್ಲಪ್ಪಾ, ನಾನೇ!" ಎಂದಳು ಮೈಕಿನಲ್ಲೇ. ನಿಲ್ದಾಣವಿಡೀ ನಕ್ಕಿತು.

ಬಸ್ಸು ಹೊರಡಿಸಬೇಕಾದ ಆ ಡ್ರೈವರ್ ಇಂಜಿನ್ ನಿಲ್ಲಿಸಿ, ತನ್ನ ಫ್ಲಾಸ್ಕಿನ ಬಿಸಿನೀರನ್ನು ಲೋಟಕ್ಕೆ ಬಗ್ಗಿಸಿಕೊಂಡು ಮೇಲೆ ಬಂದ. ಅವಳ ಪಕ್ಕದಲ್ಲಿಟ್ಟು ಇಳಿದುಹೋದ.

ಅವಳು ಒಂದು ಗುಟುಕು ಕುಡಿದಳು. ಕಿಟಕಿಯಿಂದ ಬಗ್ಗಿ, ಅವನು ಬಸ್ಸು ಹತ್ತಿದ್ದನ್ನು ನೋಡಿ, ಅದೇ ಒಡಕು ದನಿಯಲ್ಲಿ ಸಾರಿದಳು: "ಡ್ರೈವರ್ ಬಂದಾಯ್ತು. ಬಸ್ಸು ಈಗ ನಿಜವಾಗ್ಲೂ ಹೊರಡುತ್ತೆ."